ವಿಮಾನ ಬದಲಿಸುವ ನಡುವಿನ ಮೂರು ತಾಸು

ಮಕ್ಕಳು ಅಮೆರಿಕೆಯಲ್ಲಿಯೋ ಜರ್ಮನಿಯಲ್ಲಿಯೋ ನೆಲೆಸಿರುವ ಮನೆಗಳು ಇಂದು ಹುಬ್ಬಳ್ಳಿ-ಧಾರವಾಡದ ಅನೇಕ ಬಡಾವಣೆಗಳಲ್ಲಿವೆ. ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳ ಆರೈಕೆಗೆಂದೋ ಹೊರಡುವ ತಂದೆ-ತಾಯಂದಿರು ಶ್ರೀಮಠಕ್ಕೆ ಬಂದು ಆಶೀರ್ವಾದ ಪಡೆದು ಹೋಗುವುದನ್ನು ನಾವು ಮೇಲಿಂದ ಮೇಲೆ ಕಾಣುತ್ತೇವೆ. ಪಾಸ್‌ಪೋರ್ಟು, ವೀಸಾ, ಮೊಮ್ಮಗನಿಗೆ ಪೇಡೆ, ಅಳಿಯನಿಗೆ ಶೇಂಗಾ ಹೋಳಿಗೆ, ಎಲ್ಲವೂ ಸಿದ್ಧವಾಗಿರುತ್ತವೆ. ನಡುದಾರಿಯಲ್ಲಿ ವಿಮಾನ ಬದಲಿಸುವಾಗ ಸಿಗುವ ಎರಡು-ಮೂರು ತಾಸುಗಳನ್ನು ಹೇಗೆ ಕಳೆಯಬೇಕೆಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ನಮ್ಮ ಪರಿಚಯದ, ಅರವತ್ತೆಂಟು ವಯಸ್ಸಿನ ತಾಯಿಯೊಬ್ಬರು ಕಳೆದ ವರ್ಷ ಧಾರವಾಡದಿಂದ ಹೊರಟು ಮಗಳ ಮನೆಯನ್ನು ಮುಟ್ಟುವವರೆಗಿನ ಒಂದೂವರೆ ದಿನದಲ್ಲಿ ಕುಡಿದದ್ದು ಎರಡು ಲೋಟ ನೀರು. ಎರಡು ವಿಮಾನ ನಿಲ್ದಾಣಗಳಲ್ಲಿಯೂ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಕುರ್ಚಿಯಲ್ಲಿ ಕುಳಿತಿದ್ದರು. ಕಾಲು ಬಾತುಕೊಂಡಿದ್ದವು, ಮೂತ್ರದ ಸೋಂಕು ತಗುಲಿ ಮಗಳ ಊರಿನ ಮೊದಲ ವಾರ ಆಸ್ಪತ್ರೆಯ ಓಡಾಟದಲ್ಲಿಯೇ ಕಳೆಯಿತು. ಕಾರಣ ಕೇಳಿದಾಗ ಅವರು, "ನೀರು ಕುಡದ್ರ ಹೋಗೂದು ಬರತೈತ್ರಿ. ಅಲ್ಲಿ ಬಾಗಲಾ ಯಾವ್ದೋ ಏನೋ. ಚೀಲ ಯಾರ ಕೈಯಾಗ ಕೊಡ್ಲಿ?" ಎಂದರು. ಈ ಮಾತಿನಲ್ಲಿ ಅಜ್ಞಾನವಿಲ್ಲ, ಸಂಕೋಚವಿದೆ. ನಮ್ಮ ತಾಯಂದಿರ ಆರೋಗ್ಯವನ್ನು ಈ ಸಂಕೋಚವು ಕೆಡಿಸಿದಷ್ಟು ವಿಮಾನದ ಎತ್ತರವು ಕೆಡಿಸಿರಲಾರದು.

ಬಹುಹೊತ್ತು ಅಲುಗಾಡದೆ ಕುಳಿತರೆ ಮೀನಖಂಡದ ರಕ್ತನಾಳಗಳಲ್ಲಿ ರಕ್ತದ ಹರಿವು ನಿಧಾನವಾಗಿ, ಕೆಲವರಲ್ಲಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಳಚಿ ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಅಪಾಯ. ನಾಲ್ಕು ತಾಸಿಗೆ ಮೀರಿದ ಪ್ರಯಾಣದಲ್ಲಿ ಈ ಸಂಭವವು ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಪ್ರಕಟಿಸಿದ ವರದಿಯು ತಿಳಿಸಿತು. ಆಗಲೂ ಅದು ಸುಮಾರು ಆರು ಸಾವಿರ ಜನರಲ್ಲಿ ಒಬ್ಬರಿಗೆ ಬರುವಂಥದು. ಆದುದರಿಂದ ಹೆದರಿ ಪ್ರಯಾಣವನ್ನೇ ಬಿಡಬೇಕಾಗಿಲ್ಲ. ಆದರೆ ಒಂದರ ಹಿಂದೊಂದು ವಿಮಾನ ಹತ್ತುವವರಿಗೆ ಅಪಾಯ ಹೆಚ್ಚೆಂದು ಅದೇ ವರದಿಯಲ್ಲಿದೆ. ಹುಬ್ಬಳ್ಳಿಯಿಂದ ಹೊರಡುವ ನಮ್ಮವರು ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಒಮ್ಮೆ, ದುಬೈ, ದೋಹಾ ಅಥವಾ ಫ್ರಾಂಕ್‌ಫರ್ಟ್‌ನಲ್ಲಿ ಇನ್ನೊಮ್ಮೆ ವಿಮಾನ ಬದಲಿಸುವವರೇ ಅಲ್ಲವೆ? ವಿಮಾನದೊಳಗಿನ ಗಾಳಿಯ ತೇವಾಂಶವು ಸಾಮಾನ್ಯವಾಗಿ ಶೇಕಡಾ 20ಕ್ಕಿಂತ ಕಡಿಮೆ. ಬಾಯಿ, ಚರ್ಮ ಒಣಗುತ್ತವೆ. ಹೀಗಿರುವಾಗ ನಡುವಿನ ಬಿಡುವನ್ನೂ ಕುರ್ಚಿಯಲ್ಲಿಯೇ ಕಳೆಯುವುದೆಂದರೆ ಎರಡು ಪ್ರಯಾಣಗಳನ್ನು ಹೊಲಿದು ಒಂದೇ ಮಾಡಿದಂತೆ.

ಮೊದಲು ಮುಂದಿನ ವಿಮಾನದ ಗೇಟನ್ನು ಕಂಡುಕೊಳ್ಳಬೇಕು. ಗೇಟು ಕಾಣದೆ ಮನಸ್ಸು ನಿಲ್ಲುವುದಿಲ್ಲ, ಮನಸ್ಸು ನಿಲ್ಲದೆ ಊಟವೂ ರುಚಿಸುವುದಿಲ್ಲ. ಅನಂತರ ಶೌಚಾಲಯ, ಅದರ ಗಂಡು-ಹೆಣ್ಣಿನ ಚಿತ್ರಗಳು ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲಿಯೂ ಒಂದೇ ಬಗೆಯವು. ಖಾಲಿ ಬಾಟಲಿಯೊಂದನ್ನು ಕೈಚೀಲದಲ್ಲಿಟ್ಟುಕೊಂಡರೆ ಭದ್ರತಾ ತಪಾಸಣೆ ಮುಗಿದ ಮೇಲೆ ಕುಡಿಯುವ ನೀರಿನ ನಳದಲ್ಲಿ ತುಂಬಿಕೊಳ್ಳಬಹುದು. ಆಮೇಲೆ ನಡೆಯಬೇಕು. ಎಷ್ಟು ನಡೆಯಬೇಕೆಂದರೆ, ನಮ್ಮ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 2023ರಲ್ಲಿ ಉದ್ಘಾಟನೆಗೊಂಡ, 1,507 ಮೀಟರಿನ ಪ್ಲಾಟ್‌ಫಾರ್ಮಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದಷ್ಟು. ನಿಧಾನವಾಗಿ ನಡೆದರೂ ಅರ್ಧ ತಾಸು ಸಾಕು. ಒಂದೇ ಸಲಕ್ಕೆ ಆಗದವರು ಎರಡು-ಮೂರು ಸಲ ಎದ್ದು ನಡೆಯಲಿ.

ಗಾಲಿಕುರ್ಚಿಯ ವಿಷಯದಲ್ಲಿ ನಮ್ಮ ಅಭಿಪ್ರಾಯ ಕೆಲವರಿಗೆ ಹಿಡಿಸದಿರಬಹುದು. ಮೊಳಕಾಲು ನೋವಿನವರಿಗೆ, ಹೃದಯದ ತೊಂದರೆಯವರಿಗೆ ಅದು ಬೇಕೇ ಬೇಕು. ಆದರೆ ಇಂಗ್ಲಿಷು ಬಾರದೆಂಬ ಒಂದೇ ಕಾರಣಕ್ಕೆ, ಗಟ್ಟಿಯಾಗಿ ನಡೆಯಬಲ್ಲ ಹಿರಿಯರಿಗೂ ಮಕ್ಕಳು ಗಾಲಿಕುರ್ಚಿ ಕಾಯ್ದಿರಿಸುತ್ತಾರೆ. ದಾರಿ ತೋರಿಸುವವರೊಬ್ಬರು ಸಿಗುತ್ತಾರೆಂಬುದು ನಿಜ. ನಡೆಯುವ ಅವಕಾಶ ತಪ್ಪುತ್ತದೆಂಬುದೂ ನಿಜ. ಅನಿವಾರ್ಯವಾದರೆ ತೆಗೆದುಕೊಳ್ಳಲಿ, ಆದರೆ ಗೇಟು ತಲುಪಿದ ಮೇಲೆ ಅದರಿಂದ ಎದ್ದು ಓಡಾಡಲಿ.

ಇಷ್ಟಲಿಂಗ ಪೂಜೆಯಾಗದೆ ತುತ್ತು ಮುಟ್ಟದವರು ನಮ್ಮಲ್ಲಿ ಬಹಳ. ಆ ನಿಷ್ಠೆಗೆ ನಾವು ತಲೆಬಾಗುತ್ತೇವೆ. ಆದರೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಪೂಜೆಗೆ ತಕ್ಕ ಸ್ಥಳವಿಲ್ಲವೆಂದು ಉಪವಾಸ ಕೂಡುವುದು ಅಪಾಯಕರ. ಕೆಲವು ಮಾತ್ರೆಗಳಿಂದ, ಇನ್ಸುಲಿನ್‌ನಿಂದ, ರಕ್ತದ ಸಕ್ಕರೆ ಇಳಿದು ಬೆವರು, ನಡುಕ ಹುಟ್ಟಿ ಎಚ್ಚರ ತಪ್ಪಬಹುದು. ಇಷ್ಟಲಿಂಗವು ಅಂಗದ ಮೇಲೆಯೇ ಇರುವಾಗ ಸ್ಥಳದ ಮಾತೇಕೆ? ಜನಸಂಚಾರ ಕಡಿಮೆಯಿರುವ ಮೂಲೆಯ ಕುರ್ಚಿಯಲ್ಲಿ ಹತ್ತು ನಿಮಿಷ ಪೂಜೆ ಮಾಡಿಕೊಂಡು, ಕಟ್ಟಿಕೊಂಡು ಬಂದ ಕಟಕ ರೊಟ್ಟಿಯನ್ನು ತಿನ್ನಬಹುದು. ಅಲ್ಲಿನ ಅಂಗಡಿಗಳ ಉಪ್ಪು-ಎಣ್ಣೆಯ ತಿನಿಸಿಗಿಂತ ಅದು ಸಾವಿರ ಪಾಲು ಮೇಲು.

ಇನ್ಸುಲಿನ್ ಹಾಗೂ ನಿತ್ಯದ ಮಾತ್ರೆಗಳು ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಯೇ ಇರಲಿ. ಕೆಳಗಿನ ಸಾಮಾನಿನ ಕೋಣೆಯ ಚಳಿಗೆ ಇನ್ಸುಲಿನ್ ಹೆಪ್ಪುಗಟ್ಟಿ ಕೆಡಬಹುದು. ಪಶ್ಚಿಮಕ್ಕೆ ಹೋದಂತೆ ದಿನ ಉದ್ದವಾಗುವುದರಿಂದ ಔಷಧಿಯ ವೇಳೆಯನ್ನು ಹೊರಡುವ ಮೊದಲೇ ವೈದ್ಯರಿಂದ ಬರೆಯಿಸಿಕೊಳ್ಳಬೇಕು. ರಕ್ತ ತೆಳುವಾಗಲೆಂದು ಯಾರೋ ಹೇಳಿದ ಗುಳಿಗೆಯನ್ನು ತಾವಾಗಿ ನುಂಗಬಾರದು. ಪ್ರಯಾಣದ ಮೇಲೆ ಒಂದೇ ಕಾಲು ಬಾತು ನೋಯತೊಡಗಿದರೆ ಅಂದೇ ವೈದ್ಯರಿಗೆ ತೋರಿಸಬೇಕು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಒಂದು ಕ್ಷಣವೂ ತಡಮಾಡಬಾರದು.

ಇನ್ನು ಟಿಕೆಟು ತೆಗೆಯುವ ಮಕ್ಕಳಿಗೆ ಒಂದು ಮಾತು. ನಾಲ್ಕು ದುಡ್ಡು ಉಳಿಯುವುದೆಂದು ಒಂದೂವರೆ ತಾಸಿನ ಬಿಡುವಿರುವ ಟಿಕೆಟನ್ನು ಹಿರಿಯರಿಗೆ ತೆಗೆಯಬೇಡಿರಿ. ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರಿನಿಂದ ವಿದೇಶದ ವಿಮಾನಗಳು ಎರಡನೆಯ ಟರ್ಮಿನಲ್‌ನಿಂದ ಹೊರಡುತ್ತವೆ. ಹುಬ್ಬಳ್ಳಿಯ ವಿಮಾನ ಮೊದಲನೆಯದರಲ್ಲಿ ಇಳಿಸಿದರೆ ಅಲ್ಲಿಂದ ಇಲ್ಲಿಗೆ ಬಂದು, ವಲಸೆ ವಿಭಾಗ, ತಪಾಸಣೆಗಳ ಸರದಿಯಲ್ಲಿ ನಿಂತು ಮುಗಿಸುವುದರಲ್ಲಿ ನೀರು ಕುಡಿಯಲೂ ವೇಳೆ ಉಳಿಯದು.

ಆ ತಾಯಿ ಈ ವರ್ಷ ಮತ್ತೆ ಹೊರಟಿದ್ದಾರೆ. ಮಗಳು ಈ ಸಲ ನಾಲ್ಕು ತಾಸಿನ ಬಿಡುವಿರುವ ಟಿಕೆಟು ತೆಗೆದಿದ್ದಾಳೆ. ಹೆಗಲಿಗೆ ಹಾಕಿಕೊಂಡೇ ಶೌಚಾಲಯಕ್ಕೆ ಒಯ್ಯಬಹುದಾದ ಸಣ್ಣ ಚೀಲವೊಂದನ್ನು ಅವರು ಕೊಂಡಿದ್ದಾರೆ; ಕೇಳಬೇಕಾದ ನಾಲ್ಕು ಇಂಗ್ಲಿಷು ಮಾತುಗಳನ್ನು ಮೊಮ್ಮಗನು ಫೋನಿನಲ್ಲಿ ಹೇಳಿದಂತೆ ಕನ್ನಡ ಅಕ್ಷರಗಳಲ್ಲಿ ಬರೆದು ಅದರೊಳಗೆ ಇಟ್ಟುಕೊಂಡಿದ್ದಾರೆ.