ಉಪೇಕ್ಷಿಸಲಾಗದ ಗಾಳಿ

‘ವಾಯುವಿನ ಪ್ರತಿರೋಧವನ್ನು ಉಪೇಕ್ಷಿಸಿ’ ಎಂಬ ಸೂಚನೆ ನಮ್ಮ ಭೌತಶಾಸ್ತ್ರದ ಲೆಕ್ಕಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ಸ್ಪೇನ್ ದೇಶದ ಬಯಲಿನಲ್ಲಿ ಸೈಕಲ್ ಪಂದ್ಯಕ್ಕಿಳಿದವರಿಗೆ ಈ ಉಪೇಕ್ಷೆ ಸಲ್ಲದು. ಮಟ್ಟಸವಾದ ರಸ್ತೆಯಲ್ಲಿ ಅವರ ಶ್ರಮದ ಬಹುಪಾಲನ್ನು ನುಂಗುವುದು ಗಾಳಿಯೇ. ನಿಶ್ಚಲ ವಾಯುವಿನಲ್ಲಿ ವೇಗ ಇಮ್ಮಡಿಸಿದರೆ ಗಾಳಿಯ ಪ್ರತಿರೋಧ ನಾಲ್ಕು ಮಡಿಯಾಗುತ್ತದೆ. ಅದನ್ನು ಗೆಲ್ಲಲು ಬೇಕಾದ ಸಾಮರ್ಥ್ಯ ಎಂಟು ಮಡಿಯಾಗುತ್ತದೆ.

2019ರಲ್ಲಿ ‘ವುಯೆಲ್ತಾ’ ಎಂಬ ಸ್ಪೇನ್ ಪ್ರದಕ್ಷಿಣೆ ಪಂದ್ಯದ 17ನೆಯ ಹಂತವು ಪುರಾತನ ಪಟ್ಟಣವಾದ ಅರಾಂದಾ ದೆ ದುಯೆರೊದಿಂದ ಗ್ವಾದಲಾಹಾರಾವರೆಗೆ 219.6 ಕಿಲೋಮೀಟರ್ ಸಾಗಿತು. ಅಂದು ಗಾಳಿ ಹಿಂದಿನಿಂದಲೂ ಪಕ್ಕದಿಂದಲೂ ಬೀಸಿತು. ಪಕ್ಕದ ಗಾಳಿಯಲ್ಲಿ ಆಸರೆ ದೊರೆಯುವುದು ಮುಂದಿನವರ ನೇರ ಹಿಂದೆಯಲ್ಲ, ಓರೆಯಾಗಿ ಹಿಂಬದಿಯಲ್ಲಿ. ಆದಕಾರಣ ಸವಾರರು ಓರೆ ಸಾಲು ಕಟ್ಟಿದರು; ರಸ್ತೆಯ ಅಗಲ ಮುಗಿದಲ್ಲಿ ಆಸರೆಯೂ ಮುಗಿಯಿತು. ಒಟ್ಟು ಪಂದ್ಯದಲ್ಲಿ ಅಗ್ರಸ್ಥಾನದಲ್ಲಿದ್ದ ರೋಗ್ಲಿಚ್ ಅವರೇ ಮುಂದಿನ ಗುಂಪಿಗಿಂತ ಐದು ನಿಮಿಷಕ್ಕೂ ಹೆಚ್ಚು ತಡವಾಗಿ ಗುರಿ ಮುಟ್ಟಿದರು. ಆ ದಿನದ ವಿಜಯಿ ಬೆಲ್ಜಿಯಮ್ಮಿನ ಜಿಲ್ಬೇರ್ ಅವರ ಸರಾಸರಿ ವೇಗ ಗಂಟೆಗೆ 50 ಕಿಲೋಮೀಟರನ್ನು ಮೀರಿತ್ತು.

ಲೆಕ್ಕವನ್ನು ಸುಲಭಗೊಳಿಸಲು ಉಪೇಕ್ಷೆ ಅವಶ್ಯ, ನಿಜ. ಆದರೆ ಏನನ್ನು, ಎಲ್ಲಿಯವರೆಗೆ ಬಿಡಬಹುದೆಂಬುದನ್ನು ಕಲಿಸದ ಶಿಕ್ಷಣ ಅಪೂರ್ಣವೆಂದೇ ನಾವು ಭಾವಿಸುತ್ತೇವೆ. ಮೇಜಿನಿಂದ ಬೀಳುವ ಕಲ್ಲಿಗೆ ಸಲ್ಲುವುದು ಸೈಕಲ್ಲಿಗೆ ಸಲ್ಲದು. ಆ ಸೂಚನೆ ಕಂಡಾಗಲೆಲ್ಲ ವಿದ್ಯಾರ್ಥಿಗಳು ‘ಏಕೆ?’ ಎಂದು ಕೇಳಲಿ.