ಸೋಲಿನ ಘನತೆ
ಫಲಿತಾಂಶ ಮೊದಲೇ ನಿಗದಿಯಾಗಿರುವ ವೃತ್ತಿಪರ ಕುಸ್ತಿಯಲ್ಲಿ ಸೋಲಿಗೇನು ಬೆಲೆ ಎಂದು ಮೂಗು ಮುರಿಯುವವರುಂಟು. ಅಮೆರಿಕದ ಟೆರ್ರಿ ಫಂಕ್ ಅವರ ಬದುಕೇ ಇದಕ್ಕೆ ಉತ್ತರ. 1975ರಲ್ಲೇ ಎನ್‌ಡಬ್ಲ್ಯುಎ ವಿಶ್ವ ಚಾಂಪಿಯನ್ ಆದ ಅವರು 1997ರ ಏಪ್ರಿಲ್‌ನಲ್ಲಿ, 52ರ ವಯಸ್ಸಿನಲ್ಲಿ, ಫಿಲಡೆಲ್ಫಿಯಾದ ಇಸಿಡಬ್ಲ್ಯು ಎಂಬ ಸಣ್ಣ ಸ್ವತಂತ್ರ ಸಂಸ್ಥೆಯ ಕಿರೀಟ ಧರಿಸಿದರು. ಅದೇ ವರ್ಷದ ಆಗಸ್ಟ್‌ನಲ್ಲಿ, ಹಗ್ಗದ ಬದಲು ಮುಳ್ಳುತಂತಿ ಬಿಗಿದ ಕಣದಲ್ಲಿ ನೆತ್ತರು ಸುರಿಸಿ, ಕಿರಿಯ ಸಾಬುಗೆ ಸೋತರು. ಹಿರಿಯನನ್ನು ಮಣಿಸಿದವನೆಂಬ ಹೆಸರೇ ಅಲ್ಲಿ ಕಿರಿಯನ ಬಂಡವಾಳ. ಗೆಲುವನ್ನು ಬಿಟ್ಟುಕೊಡಲೊಲ್ಲದ ಹಿರಿಯ ಇಡೀ ವೃತ್ತಿಯನ್ನೇ ಬಡವಾಗಿಸುತ್ತಾನೆ. 2023ರಲ್ಲಿ ಫಂಕ್ ನಿಧನರಾದಾಗ, 1995ರಲ್ಲಿ ಜಪಾನಿನಲ್ಲಿ ಅವರನ್ನು ಸೋಲಿಸಿದ್ದ ಮಿಕ್ ಫೋಲಿ ತಮ್ಮ ಗುರುವೆಂದೇ ಸ್ಮರಿಸಿದರು. ಫಲಿತಾಂಶವನ್ನು ಸಂಘಟಕರು ಬರೆಯಬಲ್ಲರು. ಗೌರವವನ್ನು ಬರೆಯುವವರು ಸಹಮಲ್ಲರು ಮಾತ್ರ.