ತಿರುಗೋದು ಯಂತ್ರದ ಕೆಲಸ, ನೋಡೋದು ನಮ್ಮ ಕೆಲಸ

ಹಾಸ್ಟೆಲ್‌ನಲ್ಲಿ 'ಗುಂಡು' ಅಂದ್ರೆ ಎಲ್ಲರಿಗೂ ಒಂದೇ ಅರ್ಥ ಹೊಳೆಯೋದು. ಈ ಲೇಖನ ಆ ಗುಂಡಿನ ಬಗ್ಗೆ ಅಲ್ಲ, ಪಿಸ್ತೂಲಿನ ಗುಂಡಿನ ಬಗ್ಗೆ. ಇನ್ನೂ ಸರಿಯಾಗಿ ಹೇಳಬೇಕಂದ್ರೆ, ಅಮೆರಿಕದಲ್ಲಿ ಜನ ಮನೆಯ ಗ್ಯಾರೇಜಿನಲ್ಲಿ ನಿಂತು, ಒಮ್ಮೆ ಹಾರಿಸಿದ ಕಾಡತೂಸಿನ ಹಿತ್ತಾಳೆ ಕೇಸನ್ನು ಮತ್ತೆ ತುಂಬೋಕೆ ಬಳಸೋ ಒಂದು ಪುಟ್ಟ ಯಂತ್ರದ ಬಗ್ಗೆ. ಅದರ ಹೆಸರು ಟರೆಟ್ ಪ್ರೆಸ್.

ಮೊದಲೇ ಹೇಳಿಬಿಡ್ತೀವಿ. ಅಲ್ಲಿ ಸ್ವಂತ ಬಳಕೆಗೆ ತುಂಬಿಕೊಳ್ಳೋಕೆ ಫೆಡರಲ್ ಲೈಸೆನ್ಸ್ ಬೇಡ, ಮಾರಾಟಕ್ಕೆ ಬೇಕು. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋದು ಜೈಲಿಗೆ ಹೋಗುವಂಥ ಅಪರಾಧ. ಹಾಗಾಗಿ ಇದು 'ಮನೆಯಲ್ಲೇ ಮಾಡಿ ನೋಡಿ' ಲೇಖನ ಅಲ್ಲ. ಆದ್ರೆ ನಮ್ಮ ಲ್ಯಾಬ್‌ಗಳ ಬಗ್ಗೆ ನಾವು ಒಪ್ಪಿಕೊಳ್ಳಬೇಕಾದ ಒಂದು ವಿಷಯ ಈ ಯಂತ್ರ ನೋಡಿದ್ರೆ ಗೊತ್ತಾಗುತ್ತೆ.

ಟರೆಟ್ ಅನ್ನೋ ಪದ ನಮಗೆ ಹೊಸದೇನಲ್ಲ. ವೈವಾದಲ್ಲಿ "ಕ್ಯಾಪ್‌ಸ್ಟನ್ ಲೇತ್‌ಗೂ ಟರೆಟ್ ಲೇತ್‌ಗೂ ಏನು ವ್ಯತ್ಯಾಸ?" ಅಂತ ಕೇಳಿದಾಗ ತೊದಲಿದವರೇ ನಾವೆಲ್ಲ. 1845ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಸ್ಟೀಫನ್ ಫಿಚ್ ಟರೆಟ್ ಲೇತ್ ಕಟ್ಟಿದ್ದೇ ಪಿಸ್ತೂಲಿನ ಸ್ಕ್ರೂಗಳನ್ನು ಮಾಡೋಕೆ. ಟೂಲ್ ಬಿಚ್ಚಿ ಬದಲಾಯಿಸೋ ಬದಲು, ಎಲ್ಲ ಟೂಲ್‌ಗಳನ್ನೂ ಒಂದು ತಿರುಗೋ ತಲೆಗೆ ಕೂರಿಸಿ, ಬೇಕಾದ್ದನ್ನು ತಿರುಗಿಸಿ ತರೋದು ಅವನ ಐಡಿಯಾ. ಟರೆಟ್ ಪ್ರೆಸ್‌ನಲ್ಲೂ ಅದೇ. ಗಟ್ಟಿ ಬೆಂಚಿಗೆ ಬೋಲ್ಟ್ ಹಾಕಿ ನಿಲ್ಲಿಸಿದ ಪ್ರೆಸ್. ಮೇಲೊಂದು ತಿರುಗೋ ತಟ್ಟೆ, ಅದರಲ್ಲಿ ನಾಲ್ಕರಿಂದ ಎಂಟು ಡೈ. ಕೇಸ್ ಕೆಳಗೆ ಒಂದೇ ಜಾಗದಲ್ಲಿ ಇರುತ್ತೆ, ತಟ್ಟೆ ತಿರುಗುತ್ತೆ. ಒಂದು ಡೈ ಕೇಸನ್ನು ಅಳತೆಗೆ ತಂದು ಹಳೇ ಪ್ರೈಮರ್ ತಳ್ಳಿಹಾಕುತ್ತೆ, ಇನ್ನೊಂದರ ಹತ್ತಿರ ಮದ್ದು ಬೀಳುತ್ತೆ, ಮತ್ತೊಂದು ಗುಂಡನ್ನು ಕೂರಿಸುತ್ತೆ, ಕೊನೆಯದು ಬಾಯಿ ಬಿಗಿ ಮಾಡುತ್ತೆ.

ಸೆಟ್ಟಿಂಗ್ ಅಂದ್ರೆ ಪ್ರತಿ ಡೈಯ ಎತ್ತರ ಸರಿಮಾಡಿ ರಿಂಗ್‌ನಿಂದ ಲಾಕ್ ಮಾಡೋದು. ಸಾಮಾನ್ಯವಾಗಿ ಡೈಗಳ ವ್ಯಾಸ 7/8 ಇಂಚು, ಇಂಚಿಗೆ 14 ಥ್ರೆಡ್. ನಮ್ಮ ಲೆಕ್ಕದಲ್ಲಿ ಒಂದು ಸುತ್ತಿಗೆ 1.8 ಮಿಲಿಮೀಟರ್, ಕಾಲು ಸುತ್ತಿಗೆ ಅರ್ಧ ಮಿಲಿಮೀಟರ್ ಹತ್ತಿರ. ಗುಂಡು ಅಷ್ಟು ಹೆಚ್ಚು ಒಳಗೆ ಕೂತ್ರೂ ಒತ್ತಡ ಏರುತ್ತೆ. 9 ಎಂ.ಎಂ. ಕಾಡತೂಸಿಗೆ ಅಲ್ಲಿನ ಸ್ಟ್ಯಾಂಡರ್ಡ್ ಒಪ್ಪೋ ಗರಿಷ್ಠ ಒತ್ತಡ 35,000 ಪಿ.ಎಸ್.ಐ. ಅದು ಕಾರಿನ ಟೈರ್‌ನಲ್ಲಿರೋ ಗಾಳಿಯ ಸಾವಿರ ಪಟ್ಟು. ಅದೂ ಕೈಯಲ್ಲಿ ಹಿಡಿದ ವಸ್ತುವಿನೊಳಗೆ, ಮುಖದಿಂದ ಎರಡು ಅಡಿ ದೂರದಲ್ಲಿ.

ಮದ್ದಿನ ತೂಕ ಅಳೆಯೋದು ಗ್ರೇನ್‌ನಲ್ಲಿ. ಒಂದು ಗ್ರೇನ್ ಅಂದ್ರೆ 0.065 ಗ್ರಾಂ. ಅಕ್ಕಸಾಲಿಗರ ತಕ್ಕಡಿಯ ಲೆಕ್ಕ ಅದು. ಎಷ್ಟೋ ಬಗೆಯ ಮದ್ದು ಕೇಸಿನ ಅರ್ಧವನ್ನೂ ತುಂಬಲ್ಲ. ಹಾಗಾಗಿ ಮರೆತು ಎರಡು ಸಲ ಬಿದ್ರೂ ಹೊರಗೆ ಚೆಲ್ಲಲ್ಲ. ಮೇಲೆ ಗುಂಡು ಕೂತ ಮೇಲೆ ನೋಡೋಕೆ ಎಲ್ಲ ಒಂದೇ ಥರ. ಹಾರಿಸಿದಾಗ ಪಿಸ್ತೂಲೇ ಸಿಡಿಯಬಹುದು. ಮದ್ದೇ ಬೀಳದಿದ್ರೆ? ಪ್ರೈಮರಿನ ಬಲಕ್ಕೇ ಗುಂಡು ಬ್ಯಾರೆಲ್ ನಡುವೆ ಹೋಗಿ ಸಿಕ್ಕಿಕೊಳ್ಳುತ್ತೆ. ಗೊತ್ತಾಗದೆ ಹಿಂದೆಯೇ ಇನ್ನೊಂದು ಹಾರಿಸಿದ್ರೆ ಬ್ಯಾರೆಲ್ ಉಬ್ಬಬಹುದು, ಸೀಳಬಹುದು.

ನಮಗೆ ಇಷ್ಟ ಆಗಿದ್ದು ಇನ್ನು ಮುಂದಿನ ವಿಷಯ. ಕೆಲವು ಟರೆಟ್ ಪ್ರೆಸ್‌ಗಳಲ್ಲಿ ತಟ್ಟೆ ತಾನಾಗೇ ತಿರುಗೋಕೆ ಒಂದು ತಿರುಚಿದ ರಾಡ್ ಇರುತ್ತೆ. ಹಿಡಿ ಎಳೆದ್ರೆ ಸಾಕು, ಮುಂದಿನ ಡೈ ಬಂದು ನಿಲ್ಲುತ್ತೆ. ದುಡ್ಡು ಕೊಟ್ಟು ಆ ಸೌಕರ್ಯ ತಗೊಂಡ ಎಷ್ಟೋ ಜನ ಆ ರಾಡನ್ನೇ ಕಿತ್ತು ಪಕ್ಕಕ್ಕಿಡ್ತಾರೆ! ಐವತ್ತು ಕೇಸಿಗೂ ಮದ್ದು ಹಾಕಿ, ಸಾಲಾಗಿ ನಿಲ್ಲಿಸಿ, ಟಾರ್ಚ್ ಬಿಟ್ಟು ಒಂದೊಂದರ ಒಳಗೂ ನೋಡಿ, ಆಮೇಲೆ ಗುಂಡು ಕೂರಿಸ್ತಾರೆ. ತಕ್ಕಡಿಯನ್ನು ಗೊತ್ತಿರೋ ತೂಕ ಇಟ್ಟು ಪರೀಕ್ಷೆ ಮಾಡ್ತಾರೆ. ನಡುನಡುವೆ ಮತ್ತೆ ತೂಗ್ತಾರೆ. ಅವರಿಗೆ ಮಾರ್ಕ್ಸ್ ಕೊಡೋರಿಲ್ಲ, ಸಹಿ ಹಾಕೋರೂ ಇಲ್ಲ.

ಈಗ ನಮ್ಮ ಕಡೆ ಬರೋಣ. ಹೋದ ಸೆಮಿಸ್ಟರ್ ನಮ್ಮ ಬ್ಯಾಚಿಗೆ ಸಿಕ್ಕ ವರ್ನಿಯರ್ ಪೂರ್ತಿ ಮುಚ್ಚಿದ್ರೂ ಸೊನ್ನೆ ತೋರಿಸ್ತಿರಲಿಲ್ಲ. ಮೊದಲ ಟೇಬಲ್‌ನವರು ಅದನ್ನು ಗಮನಿಸಲಿಲ್ಲ. ಉಳಿದ ನಾವು ಅಳೆಯಲೇ ಇಲ್ಲ, ಅವರ ರೆಕಾರ್ಡ್ ನೋಡಿ ಇಳಿಸಿಕೊಂಡ್ವಿ. ಇಡೀ ಬ್ಯಾಚಿನ ರೀಡಿಂಗ್ ಒಂದೇ, ತಪ್ಪೂ ಒಂದೇ. ಅದರ ಮೇಲೆ ಕೆಂಪು ಪೆನ್ನಿನ ಸಹಿಯೂ ಬಿತ್ತು. ಆ ಅಳತೆ ನಂಬಿ ತಿರುವಿದ ಪೀಸು ಬುಷ್ ಒಳಗೆ ಹೋಗದೆ ನಿಂತಾಗಲೇ ನಮಗೆ ಗೊತ್ತಾಗಿದ್ದು. ಅವತ್ತು ಯಾರಿಗೂ ಏನೂ ಆಗಲಿಲ್ಲ. ಒಂದು ತುಂಡು ರಾಡ್ ಸ್ಕ್ರ್ಯಾಪ್ ಡಬ್ಬಕ್ಕೆ ಹೋಯ್ತು, ಅಷ್ಟೇ.

ಆದ್ರೆ ನಾವು ಕಲಿತದ್ದು ಏನು? ರೀಡಿಂಗ್ ಅಂದ್ರೆ ಉತ್ತರಕ್ಕೆ ಹೊಂದುವಂತೆ ಬರೆಯೋ ನಂಬರ್ ಅಂತ. ನಾಳೆ ಇದೇ ಕೈಗಳು ಲಿಫ್ಟಿನ ಬ್ರೇಕ್ ಪರೀಕ್ಷಿಸ್ತವೆ, ಬಾಯ್ಲರಿನ ವಾಲ್ವ್‌ಗೆ ಸಹಿ ಹಾಕ್ತವೆ, ಸೇತುವೆಯ ಕಾಂಕ್ರೀಟ್ ಕ್ಯೂಬ್ ಒಡೆದು ವರದಿ ಬರೀತವೆ. ಅಲ್ಲಿ ಹಾಳಾಗೋದು ಬರೀ ಒಂದು ತುಂಡು ರಾಡ್ ಆಗಿರಲ್ಲ.

"ಅವರ ಪ್ರಾಣಕ್ಕೇ ಬರುತ್ತೆ, ಅದಕ್ಕೇ ಹುಷಾರಾಗಿರ್ತಾರೆ" ಅಂತ ನೀವು ಹೇಳಬಹುದು. ನಿಜ. ನಮ್ಮ ತಪ್ಪಿಗೆ ನಾವು ಬೆಲೆ ಕೊಡಲ್ಲ, ನಮಗೆ ಪರಿಚಯವೇ ಇಲ್ಲದವರು ಕೊಡ್ತಾರೆ. ಹಾಗಿದ್ರೆ ನಾವು ಇನ್ನೂ ಹೆಚ್ಚು ಹುಷಾರಾಗಿರಬೇಕಲ್ವಾ? "ಮೂರು ಗಂಟೆ ಲ್ಯಾಬ್, ಒಂದು ವರ್ನಿಯರ್, ಹತ್ತು ಜನ, ಹೇಗೆ ಸಾಧ್ಯ?" ಅನ್ನೋ ಮಾತೂ ನಿಜ. ಅದಕ್ಕೇ ನಾವು ಕೇಳೋದು ಸಣ್ಣದು. ರೆಕಾರ್ಡಿನ ಮೊದಲ ಸಾಲಿನಲ್ಲಿ ಝೀರೋ ಎರರ್ ಬರೆಯೋಣ. ಒಬ್ಬರು ತೆಗೆದ ರೀಡಿಂಗನ್ನು ಇನ್ನೊಬ್ಬರು ನೋಡದೇ ಮತ್ತೆ ತೆಗೆಯೋಣ. ಉಪಾಧ್ಯಾಯರಲ್ಲೂ ಒಂದು ವಿನಂತಿ: ಹೊಂದದ ರೀಡಿಂಗ್ ತಂದು "ಯಾಕೆ ಹೀಗೆ ಬಂತು ಗೊತ್ತಿಲ್ಲ ಸರ್" ಅಂದವರ ಮಾರ್ಕ್ಸ್ ಕಡಿಯಬೇಡಿ. ಮಾರ್ಕ್ಸ್ ಕಡಿದ್ರೆ ಮುಂದಿನ ಸಲ ನಾವು ಹೊಂದಿಸಿಯೇ ತರ್ತೀವಿ.

ಪ್ರತಿ ವರ್ಷ ಆಯುಧ ಪೂಜೆಯ ದಿನ ವರ್ಕ್‌ಶಾಪ್ ತೊಳೆದು, ಲೇತ್‌ಗೆ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಪುರಿ ತಿಂದು ಬರ್ತೀವಿ. ಮಾರನೇ ವಾರ ಅದೇ ಲೇತ್ ಪಕ್ಕ ನಿಂತು ಪಕ್ಕದವನ ರೀಡಿಂಗ್ ಇಳಿಸಿಕೊಳ್ತೀವಿ. ಈ ವರ್ಷ ಪೂಜೆ ಸಾಮಾನಿನ ಜೊತೆಗೆ ಆ ವರ್ನಿಯರನ್ನೂ ಒಮ್ಮೆ ಮುಚ್ಚಿ, ಸೊನ್ನೆ ತೋರಿಸುತ್ತಾ ಅಂತ ನೋಡೋಣ.